ಚೀನಕ್ಕೆ ಹೊರಟ ಮಕ್ಕಳಿಗೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮನೆಗಳಲ್ಲಿ ಪಿಯುಸಿ ಫಲಿತಾಂಶ ಬಂದ ಮೇಲೆ ನಡೆಯುವ ಮಾತುಕತೆಯಲ್ಲಿ ಈಚೆಗೆ ಪರದೇಶದ ಊರುಗಳ ಹೆಸರುಗಳೂ ಸೇರಿಕೊಂಡಿವೆ. ಇಲ್ಲಿ ವೈದ್ಯಕೀಯ ಸೀಟು ಕೈಗೆಟುಕದೆ ಹೋದಾಗ ಹೊಲ ಅಡವಿಟ್ಟಾದರೂ ಮಗನನ್ನೋ ಮಗಳನ್ನೋ ಹೊರದೇಶದಲ್ಲಿ ಓದಿಸಬೇಕೆಂಬ ಹಂಬಲ ತಂದೆತಾಯಿಗಳದು. 2022ರ ಮಾರ್ಚಿನಲ್ಲಿ ಉಕ್ರೇನಿನ ಖಾರ್ಕಿವ್ ನಗರದ ದಾಳಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬನು ಅಸುನೀಗಿದ ದುಃಖವನ್ನು ನಾವಾರೂ ಮರೆತಿಲ್ಲ. ಆದರೂ ಹೊರಡುವವರು ಹೊರಡುತ್ತಲೇ ಇದ್ದಾರೆ. ಅವರಲ್ಲಿ ಚೀನದ ಹಾದಿ ಹಿಡಿಯುವವರನ್ನು ಕುರಿತು ಈ ತಿಂಗಳು ಒಂದೆರಡು ಮಾತು ಹೇಳಬಯಸುತ್ತೇವೆ.

ಚೀನದ ಕಾಲೇಜುಗಳು ಪರದೇಶದವರಿಗೆ ಇಂಗ್ಲಿಷಿನಲ್ಲಿ ಪಾಠ ಹೇಳುತ್ತವೆ ಎಂಬುದೇ ಬಹಳ ಮನೆಗಳಲ್ಲಿ ದೊಡ್ಡ ಸಮಾಧಾನ. ತರಗತಿಯ ಮಟ್ಟಿಗೆ ಅದು ನಿಜವಿರಬಹುದು. ಆದರೆ ಓದು ಮುಗಿದ ಮೇಲೆ ಇಂಟರ್ನ್‌ಶಿಪ್ ಎಂಬ ವರ್ಷವೊಂದಿದೆಯಲ್ಲ, ಆಗ ಎದುರಿಗೆ ಇರುವವನು ರೋಗಿ. ಹಿರೇಕೆರೂರಿನ ಅಜ್ಜಿ ಸರಕಾರಿ ದವಾಖಾನೆಗೆ ಹೋಗಿ "ಹೊಟ್ಟಿ ಕಡ್ಯಾಕ ಹತ್ತೇತಿ" ಎಂದರೆ, ಕನ್ನಡವನ್ನೇ ಅರಿಯದ ವೈದ್ಯನು ಏನು ಮಾಡಿಯಾನು? ನಮ್ಮ ಹುಡುಗನು ಚೀನದ ವಾರ್ಡಿನಲ್ಲಿ ನಿಂತಾಗ ಅವನ ಸ್ಥಿತಿಯೂ ಅದೇ. ಆ ಭಾಷೆಯಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ಬೇರೆ. "ಮಾ" ಎಂಬ ಒಂದೇ ಅಕ್ಷರವು ಒಂದು ಸ್ವರದಲ್ಲಿ ತಾಯಿ, ಇನ್ನೊಂದರಲ್ಲಿ ಕುದುರೆ, ಮತ್ತೊಂದರಲ್ಲಿ ಬೈಗುಳ!

ನಿಯಮವೂ ಸಡಿಲವಾಗಿಲ್ಲ. ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮದಂತೆ, 54 ತಿಂಗಳಿಗೆ ಕಡಿಮೆಯಿಲ್ಲದ ಓದು ಇಂಗ್ಲಿಷಿನಲ್ಲಿ ಆಗಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ತಾಯ್ನಾಡಿಗೆ ಮರಳಿದ ಮೇಲೆ ಮತ್ತೆ 12 ತಿಂಗಳು ಮಾಡಬೇಕು. 2022ರ ಸೆಪ್ಟೆಂಬರಿನಲ್ಲಿ ಬೀಜಿಂಗಿನ ಭಾರತೀಯ ರಾಯಭಾರ ಕಚೇರಿಯು ನೀಡಿದ ಸೂಚನೆಯಲ್ಲಿ, ರೋಗಿಗಳೊಡನೆ ವ್ಯವಹರಿಸುವುದಕ್ಕಾಗಿ ಚೀನೀ ಭಾಷಾ ಪರೀಕ್ಷೆಯ ನಾಲ್ಕನೆಯ ಹಂತದವರೆಗೆ ಕಲಿಯುವುದು ಕಡ್ಡಾಯವೆಂದೂ, ಕಲಿಯದವರಿಗೆ ಪದವಿಯೇ ದೊರೆಯದೆಂದೂ ತಿಳಿಸಲಾಗಿತ್ತು. ಅದೇ ಸೂಚನೆಯಲ್ಲಿ ಇನ್ನೊಂದು ಲೆಕ್ಕವಿತ್ತು: 2015ರಿಂದ 2021ರವರೆಗೆ ಚೀನದಲ್ಲಿ ಓದಿ ಬಂದು ಭಾರತದ ಅರ್ಹತಾ ಪರೀಕ್ಷೆ ಬರೆದ 40,417 ಮಂದಿಯಲ್ಲಿ ತೇರ್ಗಡೆಯಾದವರು 6,387 ಮಂದಿ ಮಾತ್ರ. ಹೊಲ ಅಡವಿಡುವ ಮನೆಯ ಯಜಮಾನರು ಈ ಎರಡು ಸಂಖ್ಯೆಗಳನ್ನು ನಿಧಾನವಾಗಿ ಓದಿಕೊಳ್ಳಲಿ.

ಇಲ್ಲಿ ನಮಗೆ ನೆನಪಾಗುವವರು ಡಾ. ದ್ವಾರಕಾನಾಥ ಕೋಟ್ನಿಸ್. ಶಿವಯೋಗಿ ಸಿದ್ಧರಾಮೇಶ್ವರರ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, 1910ರ ಅಕ್ಟೋಬರಿನಲ್ಲಿ ಹುಟ್ಟಿದವರು. ಅವರ ಮನೆಮಾತು ಮರಾಠಿ. ಆದರೆ ಊರು ಮಾತ್ರ ಕನ್ನಡ ಮರಾಠಿಗಳೆರಡೂ ಬೀದಿಯಲ್ಲಿ ಕೂಡಿ ನಡೆಯುವ ಊರು. ಮುಂಬಯಿಯಲ್ಲಿ ವೈದ್ಯಕೀಯ ಓದು ಮುಗಿಸಿ, ಮುಂದಿನ ಓದಿಗೆ ಸಿದ್ಧರಾಗುತ್ತಿದ್ದ ತರುಣ. 1938ರಲ್ಲಿ ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಕ್ಕೆ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಐವರು ವೈದ್ಯರನ್ನು ಕಳುಹಿದಾಗ ಅವರೂ ಹಡಗು ಹತ್ತಿದರು. ಆಗ ವಯಸ್ಸು 27. ತಂದೆ ತೀರಿಕೊಂಡ ಸುದ್ದಿ ಚೀನದಲ್ಲಿರುವಾಗಲೇ ಬಂದಿತು, ಅವರು ಮರಳಲಿಲ್ಲ. ಉಳಿದ ನಾಲ್ವರು ಕಾಲಕ್ರಮದಲ್ಲಿ ಸ್ವದೇಶಕ್ಕೆ ಬಂದರೂ ಇವರು ಉತ್ತರ ಚೀನದ ಬೆಟ್ಟಗಾಡಿನ ಹಳ್ಳಿಗಳಲ್ಲಿ ಗಾಯಾಳುಗಳ ನಡುವೆ ನಿಂತರು.

ಶಸ್ತ್ರಚಿಕಿತ್ಸೆಗಿಂತ ನಮ್ಮನ್ನು ಹೆಚ್ಚು ಸೆಳೆಯುವುದು ಅವರು ದುಭಾಷಿಯನ್ನು ನೆಚ್ಚಿ ಕೂರಲಿಲ್ಲ ಎಂಬುದು. ಚೀನೀ ಮಾತನ್ನೂ ಲಿಪಿಯನ್ನೂ ಕಲಿತು, ಅಲ್ಲಿನ ತರುಣರಿಗೆ ಅದೇ ಭಾಷೆಯಲ್ಲಿ ಪಾಠ ಹೇಳುವಷ್ಟು ಪಳಗಿದರು. ಜನರು ಅವರಿಗೆ ಕ-ದಿ-ಹುವಾ ಎಂದು ತಮ್ಮ ಹೆಸರನ್ನೇ ಇಟ್ಟರು. 1941ರಲ್ಲಿ, ಕೆನಡಾದ ವೈದ್ಯ ಬೆಥೂನರ ಹೆಸರಿನ ಆಸ್ಪತ್ರೆಯ ಮುಖ್ಯಸ್ಥರಾದರು. ಅದೇ ವರ್ಷ ಕುವೊ ಚಿಂಗ್‌ಲಾನ್ ಎಂಬ ದಾದಿಯನ್ನು ಮದುವೆಯಾದರು. ಮಗನಿಗೆ ಇಟ್ಟ ಹೆಸರು ಯಿನ್‌ಹುವಾ. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನ. 1942ರ ಡಿಸೆಂಬರ್ 9ರಂದು ಅಪಸ್ಮಾರದಿಂದ ತೀರಿಕೊಂಡಾಗ ಅವರಿಗೆ 32 ವರ್ಷ. ಅವರ ಸಮಾಧಿಯು ಇಂದು ಷಿಜಿಯಾಜುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿದೆ. ಏಪ್ರಿಲ್ ಮೊದಲ ವಾರದಲ್ಲಿ, ಹಿರಿಯರ ಸಮಾಧಿಗಳನ್ನು ಶುಚಿಗೊಳಿಸುವ ಚಿಂಗ್‌ಮಿಂಗ್ ಹಬ್ಬದಂದು, ಚೀನೀಯರು ಅಲ್ಲಿಗೂ ಹೂವು ಒಯ್ಯುತ್ತಾರೆ. ಎರಡು ಸರಕಾರಗಳ ಗಡಿಜಗಳ ಏನೇ ಇರಲಿ, ಆ ಹೂವು ನಿಂತಿಲ್ಲ.

ಇನ್ನು ತಾಯಂದಿರ ಚಿಂತೆ, ಊಟದ್ದು. ಲಿಂಗವಂತರ ಮನೆಯ ಮಕ್ಕಳಿಗೆ ಅಲ್ಲಿ ಕಷ್ಟವಿದೆ, ಸುಳ್ಳು ಹೇಳಲಾರೆವು. ಕಾಯಿಪಲ್ಯೆ ಎಂದು ಬಡಿಸಿದ್ದರಲ್ಲಿಯೂ ಹಂದಿಯ ಕೊಬ್ಬೋ ಮಾಂಸದ ಸಾರೋ ಸೇರಿರಬಹುದು. ಆದರೆ ಬೌದ್ಧರ ದೆಸೆಯಿಂದ ಸಸ್ಯಾಹಾರವು ಆ ನಾಡಿಗೆ ಅಪರಿಚಿತವೇನಲ್ಲ. ಅದನ್ನು "ಸು" ಎನ್ನುತ್ತಾರೆ. "ವೋ ಚಿ ಸು", ನಾನು ಸಸ್ಯಾಹಾರಿ ಎಂಬ ಮೂರು ಪದಗಳನ್ನು ವಿಮಾನ ಏರುವ ಮುನ್ನವೇ ಬಾಯಿಪಾಠ ಮಾಡಿಸಿರಿ. ಬೌದ್ಧ ಗುಡಿಗಳ ಬಳಿ ಇಂಥ ಊಟದ ಮನೆಗಳು ಸಿಗುತ್ತವೆ. ಸಂತೋಷದ ಸಂಗತಿ ಎಂದರೆ ಅಲ್ಲಿಯವರು ಕುಡಿಯುವುದು ಕಾಯಿಸಿದ ಬಿಸಿನೀರು. ರೈಲಿನಲ್ಲಿಯೂ ಕುದಿನೀರಿನ ನಲ್ಲಿ ಇರುತ್ತದೆ. ಫ್ಲಾಸ್ಕೊಂದು ಜೊತೆಗಿರಲಿ, ಅವಲಕ್ಕಿ ನೆನೆಸಿಕೊಂಡಾದರೂ ದಾರಿ ಕಳೆಯಬಹುದು. ಅನ್ನದ ಬಟ್ಟಲಿನಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಬಾರದು. ಅದು ಸತ್ತವರಿಗೆ ಊದುಬತ್ತಿ ಹಚ್ಚಿದಂತೆ. ಏನನ್ನು ಕೊಟ್ಟರೂ ಎರಡು ಕೈಗಳಿಂದ ಕೊಡುವುದು ಅಲ್ಲಿಯ ಮರ್ಯಾದೆ. ಇದನ್ನು ನಮ್ಮ ಮಕ್ಕಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಕೊನೆಗೆ, ಏಜೆಂಟರು ಮನೆಗೆ ಬಂದು ಬಣ್ಣದ ಪುಸ್ತಕ ಬಿಚ್ಚಿದಾಗ ಕಟ್ಟಡದ ಚಿತ್ರ ನೋಡಬೇಡಿರಿ. ವಾರಕ್ಕೆ ಎಷ್ಟು ತಾಸು ಚೀನೀ ಭಾಷೆ ಕಲಿಸುತ್ತಾರೆ, ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಅದು ಅದೇ ಸಂಸ್ಥೆಗೆ ಸೇರಿದ್ದೇ, ಅಲ್ಲಿಂದ ಪದವಿ ಪಡೆದವರಿಗೆ ಆ ದೇಶದಲ್ಲಿಯೇ ವೈದ್ಯವೃತ್ತಿಯ ಪರವಾನಗಿ ಸಿಗುತ್ತದೆಯೇ ಎಂದು ಕೇಳಿರಿ. ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡ ತರುವಾಯವೇ ಹೊಲದ ಉತಾರಕ್ಕೆ ಕೈ ಹಾಕಿರಿ.