ಸೀಮಿತ ಹಣದಲ್ಲಿ ಮೌಂಟೇನ್ ಬೈಕ್: ಒಬ್ಬ ವೈದ್ಯನ ಅಭಿಮತ

ಇತ್ತೀಚಿನ ವರ್ಷಗಳಲ್ಲಿ ನಮ್ಮ ತಾಲ್ಲೂಕು ಕೇಂದ್ರಗಳ ಸೈಕಲ್ ಅಂಗಡಿಗಳ ಸ್ವರೂಪವೇ ಬದಲಾಗಿದೆ. ಕರಿಯ ಬಣ್ಣದ ಹಳೆಯ ಮಾದರಿಯ ಸೈಕಲ್ಲುಗಳು ಒಳಗೋಡೆಗೆ ಸರಿದು, ದಪ್ಪ ಟೈರಿನ, ಮುಂದೆ ಸ್ಪ್ರಿಂಗುಳ್ಳ, ಗೇರುಗಳನ್ನು ಹೊತ್ತ ‘ಮೌಂಟೇನ್ ಬೈಕ್’ಗಳು ಬಾಗಿಲಿಗೆ ಬಂದು ನಿಂತಿವೆ. ಇವುಗಳನ್ನು ಕೊಳ್ಳುವವರಲ್ಲಿ ಮುಖ್ಯವಾಗಿ ಎರಡು ವರ್ಗ. ಮಗನೋ ಮಗಳೋ ಕಾಲೇಜು ಸೇರಿದ ಸಂತೋಷಕ್ಕೆ ಕೊಡಿಸುವ ತಂದೆತಾಯಿಗಳು ಒಂದು ವರ್ಗ; ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಕಾಣಿಸಿಕೊಂಡು, ವೈದ್ಯರು ವ್ಯಾಯಾಮ ಮಾಡಿರೆಂದು ಹೇಳಿದ ಮೇಲೆ, ನಲವತ್ತೈದು ದಾಟಿದ ವಯಸ್ಸಿನಲ್ಲಿ ತಮಗಾಗಿಯೇ ಕೊಳ್ಳುವವರು ಇನ್ನೊಂದು ವರ್ಗ. ಇಬ್ಬರ ಕೈಯಲ್ಲಿಯೂ ಸಾಮಾನ್ಯವಾಗಿ ಇರುವುದು 10ರಿಂದ 15 ಸಾವಿರ ರೂಪಾಯಿ. ಅನೇಕ ಮನೆಗಳಲ್ಲಿ ಅದು ಒಂದು ತಿಂಗಳ ಸಂಪೂರ್ಣ ದುಡಿಮೆ.

ಆರು ತಿಂಗಳು ಕಳೆಯುವುದರೊಳಗೆ ಇವುಗಳಲ್ಲಿ ಎಷ್ಟೋ ಸೈಕಲ್ಲುಗಳು ಪಡಸಾಲೆಯ ಮೂಲೆ ಸೇರಿ, ಟವೆಲು ಒಣಹಾಕುವ ಕೋಲಾಗಿ ಮಾರ್ಪಡುತ್ತವೆ. ಅವುಗಳ ಒಡೆಯರು ನನ್ನ ಚಿಕಿತ್ಸಾಲಯಕ್ಕೆ ಬಂದು, “ಸೈಕಲ್ ತುಳಿದು ಮೊಣಕಾಲು ಹೋಯಿತು ಡಾಕ್ಟರೇ, ನನ್ನ ದೇಹಕ್ಕೆ ಅದು ಒಗ್ಗದು” ಎನ್ನುತ್ತಾರೆ. ಪರೀಕ್ಷಿಸಿ ನೋಡಿದರೆ, ಬಹಳ ಸಲ ಒಗ್ಗದಿರುವುದು ಆ ಸೈಕಲ್ಲಿನ ಅಳತೆ ಮತ್ತು ಭಾರ. ಆದುದರಿಂದ ಈ ತಿಂಗಳ ಅಂಕಣದಲ್ಲಿ ಕಷಾಯ, ಚೂರ್ಣಗಳನ್ನು ಬದಿಗಿರಿಸಿ ಸೈಕಲ್ ಕೊಳ್ಳುವ ವಿಚಾರವನ್ನೇ ಎತ್ತಿಕೊಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಬೆಲೆಯಲ್ಲಿ ಸ್ಪ್ರಿಂಗಿಗಾಗಿ ಒಂದು ರೂಪಾಯಿಯನ್ನೂ ಕೊಡಬಾರದು. ಅಳತೆ, ಬ್ರೇಕು ಮತ್ತು ಹಗುರವಾದ ಗೇರು, ಈ ಮೂರಕ್ಕೆ ಮಾತ್ರ ಹಣ ಹೋಗಬೇಕು.

ಮೌಂಟೇನ್ ಬೈಕಿನ ಹುಟ್ಟನ್ನು ಬಲ್ಲವರಿಗೆ ಈ ಮಾತು ವಿಚಿತ್ರವೆನಿಸದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ ಎಂಬಲ್ಲಿ, ಟಮಾಲ್‌ಪೈಸ್ ಬೆಟ್ಟದ ಸುತ್ತಮುತ್ತ, ಕೆಲವು ತರುಣರು ದಶಕಗಳಷ್ಟು ಹಳೆಯದಾದ, ದಪ್ಪ ಟೈರಿನ ಶ್ವಿನ್ ಮೊದಲಾದ ಸೈಕಲ್ಲುಗಳನ್ನು ಅಗ್ಗಕ್ಕೆ ಕೊಂಡು ಮಣ್ಣಿನ ದಾರಿಗಳಲ್ಲಿ ಇಳಿಸತೊಡಗಿದರು. 1976ರಲ್ಲಿ ಅಲ್ಲಿ ಒಂದು ಇಳಿಜಾರು ಸ್ಪರ್ಧೆ ಆರಂಭವಾಯಿತು. ಸುಮಾರು ಎರಡು ಮೈಲಿಯಲ್ಲಿ 1,300 ಅಡಿಯಷ್ಟು ಇಳಿಯುವ ದಾರಿ. ಒಂದು ಸಲ ಇಳಿದರೆ ಹಿಂದಿನ ಚಕ್ರದ ಬ್ರೇಕಿನ ಒಳಗಿದ್ದ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ‘ಮರಳಿ ತುಂಬುವುದು’ ಎಂಬ ಅರ್ಥದಲ್ಲಿಯೇ ಆ ಸ್ಪರ್ಧೆಗೆ ‘ರಿಪ್ಯಾಕ್’ ಎಂಬ ಹೆಸರು ನಿಂತಿತು. 1977ರಲ್ಲಿ ಜೋ ಬ್ರೀಜ್ ಎಂಬಾತ ಬೆಟ್ಟಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ ‘ಮೌಂಟೇನ್‌ಬೈಕ್ಸ್’ ಎಂಬ ವ್ಯಾಪಾರ ತೆರೆದರು. ಈ ಯಾವ ಸೈಕಲ್ಲಿನಲ್ಲಿಯೂ ಇಂದಿನ ಶಾಕ್ ಫೋರ್ಕ್ ಇರಲಿಲ್ಲ. ಅದು ಮಾರುಕಟ್ಟೆಗೆ ಬಂದುದು 1980ರ ದಶಕ ಮುಗಿಯುವ ಹೊತ್ತಿಗೆ. ಬೆಟ್ಟವನ್ನು ಮೊದಲು ಇಳಿದವರು ಹಳೆಯ ಕಬ್ಬಿಣ, ದಪ್ಪ ಟೈರು ಮತ್ತು ಬಾಗಿದ ಮೊಣಕೈಗಳನ್ನು ನಂಬಿಯೇ ಇಳಿದರು.

ಹಾಗಾದರೆ ಸ್ಪ್ರಿಂಗು ವ್ಯರ್ಥವೇ? ಒಳ್ಳೆಯದು ವ್ಯರ್ಥವಲ್ಲ. ಒಳ್ಳೆಯ ಶಾಕ್ ಫೋರ್ಕಿನಲ್ಲಿ ಸ್ಪ್ರಿಂಗಿನ ಅಥವಾ ಗಾಳಿಯ ಜೊತೆಗೆ ಎಣ್ಣೆಯ ತಡೆ ಇರುತ್ತದೆ. ಗುಂಡಿಗೆ ಬಿದ್ದಾಗ ಸ್ಪ್ರಿಂಗು ಕುಗ್ಗುತ್ತದೆ. ಅದು ಥಟ್ಟನೆ ಪುಟಿಯದಂತೆ ಎಣ್ಣೆ ಹಿಡಿದು ನಿಲ್ಲಿಸುತ್ತದೆ. ಆದರೆ ಅಂತಹ ಒಂದು ಫೋರ್ಕಿನ ಬೆಲೆಯೇ ನಾವು ಹೇಳುತ್ತಿರುವ ಇಡೀ ಸೈಕಲ್ಲಿನ ಬೆಲೆಯನ್ನು ಮೀರುವುದುಂಟು. 12 ಸಾವಿರದ ಸೈಕಲ್ಲಿನ ಫೋರ್ಕಿನಲ್ಲಿ ಇರುವುದು ಬಹುತೇಕ ಬರಿಯ ಸ್ಪ್ರಿಂಗು ಮಾತ್ರ. ಅದು ಕುಗ್ಗಿದಷ್ಟೇ ವೇಗದಲ್ಲಿ ಪುಟಿದು ಮಣಿಕಟ್ಟಿಗೆ ಮರಳಿ ಹೊಡೆಯುತ್ತದೆ. ಎರಡು ಮಳೆಗಾಲ ಕಳೆದರೆ ಒಳಗೆ ತುಕ್ಕು ಹಿಡಿದು ಅಲುಗದೆ ನಿಲ್ಲುವುದೂ ಉಂಟು. ಅದರ ತೂಕ ಸುಮಾರು ಎರಡೂವರೆ ಕಿಲೋ. ಸ್ಪ್ರಿಂಗಿಲ್ಲದ ಉಕ್ಕಿನ ಫೋರ್ಕು ಅದರ ಅರ್ಧದಷ್ಟು ತೂಗುತ್ತದೆ. ಏರು ಹತ್ತುವಾಗ ಎದ್ದು ನಿಂತು ತುಳಿದರೆ ಕಾಲಿನ ಬಲದ ಒಂದು ಪಾಲು ಸ್ಪ್ರಿಂಗನ್ನು ಕುಗ್ಗಿಸುವುದಕ್ಕೇ ವ್ಯಯವಾಗುತ್ತದೆ. ಹಿಂದೆಯೂ ಸ್ಪ್ರಿಂಗುಳ್ಳ ‘ಡಬಲ್ ಶಾಕ್’ ಸೈಕಲ್ಲುಗಳಂತೂ ಈ ಬೆಲೆಯಲ್ಲಿ ಯಾರೂ ಮುಟ್ಟಬಾರದ ಪದಾರ್ಥ. ತುಳಿದಂತೆಲ್ಲ ತೂಗುಯ್ಯಾಲೆಯಾಡುವ, ಕೀಲುಗಳು ಬೇಗನೆ ಸಡಿಲಾಗುವ ಯಂತ್ರ ಅದು. ಹುಡುಗರಿಗೆ ಅದೇ ಹೆಚ್ಚು ಇಷ್ಟವಾಗುವುದು ದುರ್ದೈವ.

ದಪ್ಪ ಟೈರೇ ನಿಜವಾದ ಸ್ಪ್ರಿಂಗು. ಎರಡು ಇಂಚು ಅಗಲದ ಟೈರಿನಲ್ಲಿ ಗಾಳಿ ಹದವಾಗಿದ್ದರೆ ಹೊಲದ ದಾರಿಯ ಕಲ್ಲು, ಗಾಡಿಯ ಜಾಡು ಯಾವುದೂ ಅಷ್ಟಾಗಿ ಬಾಧಿಸದು. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ತುಂಬಿಸಿ, ಆಮೇಲೆ ಬೆನ್ನುನೋವೆಂದು ಬರುವವರನ್ನು ಕಂಡಿದ್ದೇನೆ. ಟೈರಿನ ಪಕ್ಕದಲ್ಲಿಯೇ ಗಾಳಿಯ ಕನಿಷ್ಠ, ಗರಿಷ್ಠ ಮಿತಿಯನ್ನು ಅಚ್ಚುಹಾಕಿರುತ್ತಾರೆ. ಮಣ್ಣಿನ ದಾರಿಯಲ್ಲಿ ಸಾಗುವ 60 ಕಿಲೋ ತೂಕದವರು ಆ ಮಿತಿಯ ಕೆಳಗಿನ ಅಂಕಿಯ ಹತ್ತಿರ ಇರಿಸಿಕೊಳ್ಳಲಿ. ಭಾರಿ ದೇಹದವರು ಸ್ವಲ್ಪ ಹೆಚ್ಚಿಸಲಿ. ತೀರ ಕಡಿಮೆಯಾದರೆ ರಿಮ್ಮು ಕಲ್ಲಿಗೆ ತಾಗಿ ಟ್ಯೂಬು ಹರಿಯುತ್ತದೆ.

ಇನ್ನು ಅಳತೆಯ ಮಾತು. ವೈದ್ಯನಾಗಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಅಂಗಡಿಯಲ್ಲಿ “ಇಪ್ಪತ್ತಾರು ಬೇಕೋ, ಇಪ್ಪತ್ತೇಳೂವರೆ ಬೇಕೋ, ಇಪ್ಪತ್ತೊಂಬತ್ತು ಬೇಕೋ” ಎಂದು ಕೇಳುತ್ತಾರೆ. ಅದು ಚಕ್ರದ ಅಳತೆ. ದೇಹಕ್ಕೆ ಸಂಬಂಧಿಸಿದುದು ಚೌಕಟ್ಟಿನ ಅಳತೆ. ಅದನ್ನು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ. ಸ್ಥೂಲವಾಗಿ ಹೇಳುವುದಾದರೆ 5 ಅಡಿ 2 ಇಂಚಿನಿಂದ 5 ಅಡಿ 6 ಇಂಚಿನವರೆಗಿನವರಿಗೆ 15–16 ಇಂಚಿನ ಚೌಕಟ್ಟು, 5 ಅಡಿ 10 ಇಂಚಿನವರೆಗಿನವರಿಗೆ 17–18 ಇಂಚಿನದು ಹೊಂದುತ್ತದೆ. ಅಂಕಿಗಿಂತ ಅನುಭವವೇ ಪ್ರಮಾಣ. ಸೈಕಲ್ಲಿನ ಮೇಲುದಂಡದ ಎರಡೂ ಬದಿಗೆ ಕಾಲಿರಿಸಿ ನೆಲದ ಮೇಲೆ ನೆಟ್ಟಗೆ ನಿಂತಾಗ, ದಂಡಕ್ಕೂ ತೊಡೆಸಂದಿಗೂ ನಡುವೆ ಕನಿಷ್ಠ ಎರಡು ಇಂಚು ಅಂತರವಿರಬೇಕು. ಇಲ್ಲವಾದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಆ ಸೈಕಲ್ಲು ನಿಮ್ಮದಲ್ಲ. “ಬೆಳೆಯುವ ಹುಡುಗ, ದೊಡ್ಡದೇ ಇರಲಿ” ಎಂಬ ಲೆಕ್ಕಾಚಾರ ಅಂಗಿಗೆ ನಡೆದೀತು, ಇಲ್ಲಿ ಸಲ್ಲದು.

ಸೀಟಿನ ಎತ್ತರವನ್ನು ಗೊತ್ತುಮಾಡುವ ಕ್ರಮ ಸುಲಭ. ಗೋಡೆಗೆ ಆನಿಕೊಂಡು ಸೀಟಿನ ಮೇಲೆ ಕುಳಿತು, ಪೆಡಲನ್ನು ಅತ್ಯಂತ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿಯನ್ನು ಇರಿಸಬೇಕು. ಆಗ ಕಾಲು ಪೂರ್ತಿ ನೀಳವಾಗಬೇಕು. ತುಳಿಯುವಾಗ ಪಾದದ ಮುಂಭಾಗವನ್ನು ಪೆಡಲಿನ ಮೇಲೆ ಇರಿಸುವುದರಿಂದ ಮೊಣಕಾಲು ತಾನಾಗಿಯೇ ಸ್ವಲ್ಪ ಬಾಗಿ ಉಳಿಯುತ್ತದೆ. ನಮ್ಮಲ್ಲಿ ಬಹುಮಂದಿ ಎರಡೂ ಪಾದ ನೆಲಕ್ಕೆ ಚಪ್ಪಟೆಯಾಗಿ ಊರುವಂತೆ ಸೀಟನ್ನು ತಗ್ಗಿಸಿಕೊಳ್ಳುತ್ತಾರೆ. ಬೀಳುವ ಭಯವೇ ಅದಕ್ಕೆ ಕಾರಣ. ಹಾಗೆ ತಗ್ಗಿಸಿದಾಗ ಮೊಣಕಾಲು ಅತಿಯಾಗಿ ಮಡಚಿದ ಸ್ಥಿತಿಯಲ್ಲಿಯೇ ಭಾರವನ್ನು ತಳ್ಳಬೇಕಾಗಿ, ಚಿಪ್ಪಿನ ಹಿಂಭಾಗ ನೋಯತೊಡಗುತ್ತದೆ. ಕಳೆದ ವರ್ಷ 50ರ ಸಮೀಪದ ಶಿಕ್ಷಕರೊಬ್ಬರು ಎರಡು ತಿಂಗಳು ಎಣ್ಣೆ ಹಚ್ಚಿಯೂ ಇಳಿಯದ ಮೊಣಕಾಲು ನೋವಿನೊಂದಿಗೆ ಬಂದಿದ್ದರು. ಸೈಕಲ್ಲನ್ನೇ ತರಿಸಿ ನೋಡಿದೆ. ಸೀಟು ಮೂರು ಬೆರಳಷ್ಟು ಮೇಲೇರಿತು, ಔಷಧಿಯನ್ನು ಬದಲಿಸಲಿಲ್ಲ, ನಾಲ್ಕು ವಾರದಲ್ಲಿ ನೋವು ಹಿಂದೆ ಸರಿಯಿತು. ಸೀಟು ಅತಿ ಎತ್ತರವಾದರೆ ನೋವು ಮೊಣಕಾಲಿನ ಹಿಂಭಾಗಕ್ಕೆ ಬರುತ್ತದೆ, ತುಳಿಯುವಾಗ ಸೊಂಟ ಅತ್ತಿತ್ತ ಓಲಾಡುತ್ತದೆ. ಸೀಟಿನ ಕಂಬದ ಮೇಲೆ ಒಂದು ಗೆರೆಯಿದೆ, ಅದು ಹೊರಗೆ ಕಾಣುವಷ್ಟು ಎತ್ತರಿಸಬಾರದು, ಕಂಬ ಮುರಿದೀತು.

ಮೆತ್ತನೆಯ ಅಗಲ ಸೀಟಿಗೂ ಮರುಳಾಗಬೇಡಿ. ಅರ್ಧ ಗಂಟೆಯ ಮೇಲೆ ಅದು ದೇಹವನ್ನು ಹೂತುಕೊಂಡು ತೊಡೆಸಂದಿಯ ನರಗಳನ್ನು ಒತ್ತುತ್ತದೆ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದರೆ ಹ್ಯಾಂಡಲ್ಲಿನ ಮೇಲೆ ಅಂಗೈಯ ಭಾರ ಹೆಚ್ಚಾಗಿದೆ ಎಂದು ತಿಳಿಯಬೇಕು.

ಗೇರಿನ ವಿಷಯದಲ್ಲಿ ನಾನು ಜಿಪುಣತನವನ್ನು ಬೋಧಿಸಲಾರೆ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರ ಮಾಡಬೇಕೆಂಬುದು ನಮ್ಮ ಆಯುರ್ವೇದಾಚಾರ್ಯರ ಮತ. ಹಣೆ, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿ ಒಣಗತೊಡಗಿದರೆ ಅದೇ ಅರ್ಧಬಲದ ಗುರುತು. ಗೇರಿಲ್ಲದ ಸೈಕಲ್ಲಿನಲ್ಲಿ ಪೆಡಲು ಒಂದು ಸುತ್ತು ಬಂದರೆ ಚಕ್ರ ಎರಡು ಸುತ್ತಿಗೂ ಹೆಚ್ಚು ತಿರುಗುತ್ತದೆ. ಸಮತಟ್ಟಿನಲ್ಲಿ ಸೊಗಸು, ಏರಿನಲ್ಲಿ ಅರ್ಧಬಲವೆಂಬುದು ಮೊದಲ ನೂರು ಗಜದಲ್ಲಿಯೇ ದಾಟಿಹೋಗುತ್ತದೆ. ಹಾಗೆಂದು 21 ಎಂಬ ಸಂಖ್ಯೆಗೆ ಮಾರುಹೋಗಬೇಕಿಲ್ಲ. ಮುಂದೆ ಮೂರು, ಹಿಂದೆ ಏಳು ಹಲ್ಲುಚಕ್ರಗಳ ಗುಣಾಕಾರ ಅದು. ಅವುಗಳಲ್ಲಿ ಹಲವು ಒಂದನ್ನೊಂದು ಹೋಲುತ್ತವೆ. ನೋಡಬೇಕಾದುದು ಮುಂದಿನ ಅತಿ ಚಿಕ್ಕ ಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನ ಅತಿ ದೊಡ್ಡ ಚಕ್ರಕ್ಕೆ ಎಷ್ಟು ಹಲ್ಲು ಎಂಬುದನ್ನು. ಮುಂದೆ 24ರಿಂದ 28, ಹಿಂದೆ 28ರಿಂದ 34 ಇದ್ದರೆ ಗುಡ್ಡದ ದಾರಿಯಲ್ಲಿ ಮೊಣಕಾಲಿಗೆ ಕ್ಷೇಮ. ಕುಳಿತೇ ಎಣಿಸಬಹುದು, ಅಂಗಡಿಯವರು ನಕ್ಕರೆ ನಗಲಿ. ನಿಮಿಷಕ್ಕೆ 60ರಿಂದ 80 ಸುತ್ತು ಹಗುರವಾಗಿ ತುಳಿಯುವುದು, ಭಾರದ ಗೇರಿನಲ್ಲಿ ಹಲ್ಲು ಕಚ್ಚಿ ತುಳಿಯುವುದಕ್ಕಿಂತ ಕೀಲುಗಳಿಗೆ ಹಿತ.

ಬ್ರೇಕಿನ ವಿಷಯದಲ್ಲಿ ಊರ ಮಣ್ಣನ್ನು ನೋಡಿ ನಿರ್ಧರಿಸಬೇಕು. ರಿಮ್ಮನ್ನು ಹಿಡಿಯುವ ಬ್ರೇಕು ಅಗ್ಗ, ಅದರ ರಬ್ಬರು ಎಲ್ಲ ಊರಿನಲ್ಲಿಯೂ ಸಿಗುತ್ತದೆ, ಮನೆಯಲ್ಲಿಯೇ ಬದಲಿಸಬಹುದು. ಕೆಮ್ಮಣ್ಣಿನ ಸೀಮೆಯವರಿಗೆ ಅದೇ ಸಾಕು. ನಮ್ಮ ಎರೆ ಸೀಮೆಯಲ್ಲಿ ಮಾತ್ರ ಮಳೆ ಬಿದ್ದೊಡನೆ ಕರಿಮಣ್ಣು ಟೈರಿಗೆ ಅಂಟಿ, ಫೋರ್ಕಿನ ಸಂದಿಯನ್ನೂ ಬ್ರೇಕನ್ನೂ ತುಂಬಿ, ಚಕ್ರವೇ ತಿರುಗದಂತೆ ಮಾಡುತ್ತದೆ. ಇಲ್ಲಿ ಡಿಸ್ಕ್ ಬ್ರೇಕಿಗೆ ತುಸು ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆ. ಟೈರಿಗೂ ಚೌಕಟ್ಟಿಗೂ ನಡುವೆ ಬೆರಳು ಆಡುವಷ್ಟು ಜಾಗವಿದೆಯೇ ಎಂದೂ ನೋಡಬೇಕು. ಜಾಲಿ ಮುಳ್ಳಿನ ಕಾಟ ಇಡೀ ಉತ್ತರ ಕರ್ನಾಟಕಕ್ಕೆ ಸಮಾನ. ಟೈರಿಗೂ ಟ್ಯೂಬಿಗೂ ನಡುವೆ ಹಾಕುವ ಪಟ್ಟಿ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ, ಹಾಕಿಸಿಕೊಳ್ಳಿ.

ಕೈಯಲ್ಲಿ 12 ಸಾವಿರ ಇದ್ದರೆ ಸೈಕಲ್ಲಿಗೆ ಹತ್ತೇ ಸಾವಿರ ಎಂದುಕೊಳ್ಳಬೇಕು. ಉಳಿದುದು ಹೆಲ್ಮೆಟ್ಟು, ಗಾಳಿ ಪಂಪು, ಬೀಗ, ಪಂಕ್ಚರ್ ಸಾಮಾನಿಗೆ. ಸ್ಪ್ರಿಂಗಿಲ್ಲದ ಗೇರು ಸೈಕಲ್ಲು ಕೇಳಿದರೆ ಅಂಗಡಿಯವರು ಮೊದಲು ಇಲ್ಲವೆನ್ನಬಹುದು; ‘ಹೈಬ್ರಿಡ್’ ಎಂಬ ಹೆಸರಿನಲ್ಲಿ ಅಂತಹವು ಬರುತ್ತವೆ, ಟೈರು ತೀರ ಸಪೂರವಲ್ಲದುದನ್ನು ಆರಿಸಬೇಕು. ಎಷ್ಟು ಹುಡುಕಿದರೂ ದೊರೆಯದಿದ್ದಲ್ಲಿ ಮುಂದೆ ಮಾತ್ರ ಸ್ಪ್ರಿಂಗುಳ್ಳದನ್ನು ಕೊಂಡರೆ ಮಹಾಪರಾಧವೇನಲ್ಲ. ಅಂಚೆಯ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ ಸೈಕಲ್ಲನ್ನು ಮನೆಯಲ್ಲಿ ತಾವೇ ಜೋಡಿಸಿ, ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಕೂರಿಸಿದವರಿದ್ದಾರೆ. ನಾಲ್ಕಾರು ನೂರು ಕೊಟ್ಟು ಅನುಭವಿ ಮೆಕ್ಯಾನಿಕ್ಕನಿಂದಲೇ ಜೋಡಿಸಿಕೊಳ್ಳುವುದು ಲೇಸು.

ಹಳೆಯ ಸೈಕಲ್ಲನ್ನು ಕೊಳ್ಳುವುದು ಅವಮಾನವೆಂದು ಭಾವಿಸುವವರಿಗೆ ನನ್ನ ಸಮ್ಮತಿಯಿಲ್ಲ. ಇದೇ ಹಣಕ್ಕೆ ಒಂದು ದರ್ಜೆ ಮೇಲಿನದು ದೊರೆಯುತ್ತದೆ. ಹ್ಯಾಂಡಲ್ಲಿನ ಕೆಳಗಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕೂ ಇರಬಾರದು. ಮುಂದಿನ ಬ್ರೇಕನ್ನು ಹಿಡಿದು ಸೈಕಲ್ಲನ್ನು ಹಿಂದೆಮುಂದೆ ತಳ್ಳಿದಾಗ ಕಟಕಟ ಶಬ್ದ ಬರಬಾರದು. ಚಕ್ರವನ್ನೆತ್ತಿ ತಿರುಗಿಸಿದರೆ ರಿಮ್ಮು ಓಲಾಡಬಾರದು. ಸೀಟಿನ ಕಂಬ ತುಕ್ಕು ಹಿಡಿದು ಕಚ್ಚಿಕೊಂಡಿರಬಾರದು. ಮೂಲ ರಸೀದಿಯನ್ನು ಕೇಳಿ ಪಡೆಯಬೇಕು. ಚೈನು, ಕೇಬಲ್ಲು, ಟೈರುಗಳು ಸವೆದಿದ್ದರೆ ಚಿಂತೆಯಿಲ್ಲ, ಅವು ಬದಲಿಸುವ ವಸ್ತುಗಳೇ.

ಹೃದ್ರೋಗಿಗಳು, ಮೊಣಕಾಲು ಊದಿಕೊಂಡವರು ಮೊದಲು ತಮ್ಮ ವೈದ್ಯರನ್ನು ಕಾಣಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ಸ್ವಲ್ಪ ಬೆಲ್ಲ ಅಥವಾ ಸಕ್ಕರೆ ಇರಿಸಿಕೊಳ್ಳಲಿ. ಉಂಡ ಕೂಡಲೇ ತುಳಿಯುವುದು ಬೇಡ. ಬೇಸಿಗೆ, ಮಳೆಗಾಲಗಳಲ್ಲಿ ದೂರವನ್ನು ತಗ್ಗಿಸಿಕೊಳ್ಳಬೇಕು. ಸೀಟನ್ನು ಸರಿಪಡಿಸಿದ ಮೇಲೂ ಎರಡು ವಾರ ನೋವು ಉಳಿದರೆ ಮೂಳೆತಜ್ಞರಿಗೆ ತೋರಿಸಿ.

ಹೊಸ ಸೈಕಲ್ಲಿನ ಕಡ್ಡಿಗಳೂ ಕೇಬಲ್ಲುಗಳೂ ಮೊದಲ ತಿಂಗಳ ಓಡಾಟದಲ್ಲಿ ಸಡಿಲವಾಗುವುದು ಸಹಜ. ಮೊದಲ ಸರ್ವಿಸು ಉಚಿತವೇ ಎಂದು ಕೊಳ್ಳುವಾಗಲೇ ಕೇಳಿ ರಸೀದಿಯಲ್ಲಿ ಬರೆಯಿಸಿಕೊಂಡು, ತಿಂಗಳು ತುಂಬಿದೊಡನೆ ಮರಳಿ ಅಂಗಡಿಗೆ ಒಯ್ದು ಬಿಗಿ ಮಾಡಿಸಬೇಕು. ಆ ದಿನ ಸೀಟಿನ ಎತ್ತರವನ್ನು ಅವರು ತಮಗೆ ತೋಚಿದಂತೆ ಬದಲಿಸದ ಹಾಗೆ, ಕಂಬದ ಮೇಲೆ ಮೊದಲೇ ಒಂದು ಸುತ್ತು ಟೇಪು ಅಂಟಿಸಿರಿ.