ಪೆಟ್ಟಿಗೆ ಉಂಟು, ಪಟ್ಟಿ ಇಲ್ಲ

ಬಸ್ಸಿನಲ್ಲಿ ಚಾಲಕರ ತಲೆ ಮೇಲೆ ‘ಪ್ರಥಮ ಚಿಕಿತ್ಸೆ’ ಎಂದು ಬರೆದ ಪೆಟ್ಟಿಗೆ ನೀವೂ ನೋಡಿದ್ದೀರಿ. ತೆರೆಸಿ ನೋಡಿದವರಿಗೆ ಊದುಬತ್ತಿ, ಒರೆಸುವ ಬಟ್ಟೆ ಸಿಕ್ಕಿರುತ್ತದೆ. ಗಾಯಾಳುವನ್ನು ದೇವರೇ ಕಾಯಬೇಕು ಎಂಬುದಕ್ಕೆ ತಯಾರಿಯಂತೂ ಇದೆ.

ಹುನಗುಂದ, ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಗಳದ್ದು ಇನ್ನೊಂದು ಕಥೆ. ಗಣಿಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, ಕೆಲಸ ನಡೆಯುವಷ್ಟು ಹೊತ್ತೂ ತರಬೇತಿ ಪಡೆದವರೊಬ್ಬರು ಅದರ ಜತೆ ಇರಬೇಕು ಎಂದು 1952ರಲ್ಲೇ ಗಣಿ ಕಾಯ್ದೆ ಹೇಳಿತು. ಚಕ್ಕೆ ಸಿಡಿದು ಮುಂಗೈ ಸೀಳಿದಾಗ ಕೈಗೆ ಸಿಗುವುದು ಹೆಗಲ ಮೇಲಿನ ಟವೆಲ್ಲು, ಜೇಬಿನಲ್ಲಿರುವ ಸುಣ್ಣದ ಡಬ್ಬಿ. ಸುಣ್ಣ ಗಾಯವನ್ನು ಇನ್ನಷ್ಟು ಸುಡುತ್ತದೆ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದು, ರಕ್ತ ನಿಂತ ಮೇಲೆ ತೊಳೆದು, ಧನುರ್ವಾಯು ಚುಚ್ಚುಮದ್ದಿಗೆ ಹೋಗಬೇಕು. ಆದರೆ ಪೆಟ್ಟಿಗೆಯ ಕೀಲಿ ಮಾಲೀಕರ ಹತ್ತಿರ, ಮಾಲೀಕರು ಊರಲ್ಲಿಲ್ಲ.

ರೊಟ್ಟಿ ಹಂಚು ತಾಗಲಿ, ಸೀರೆ ನೂಲಿಗೆ ಬಣ್ಣ ಹಾಕುವ ಹಂಡೆಯ ಕುದಿನೀರು ಸಿಡಿಯಲಿ, ಮದ್ದು ಒಂದೇ: ಬಳೆ, ಉಂಗುರ ತೆಗೆದು ಹರಿಯುವ ತಣ್ಣೀರಿಗೆ 20 ನಿಮಿಷ ಕೈಯೊಡ್ಡುವುದು. ಟೂತ್‌ಪೇಸ್ಟ್ ಬೇಡ, ಮಂಜುಗಡ್ಡೆ ಬೇಡ, ಗುಳ್ಳೆ ಒಡೆಯುವುದೂ ಬೇಡ. ಆಲಮಟ್ಟಿ ಹಿನ್ನೀರಿಗೆ ಊರಿನ ಒಂದು ಭಾಗವನ್ನೇ ಬಿಟ್ಟುಕೊಟ್ಟ ಬಾಗಲಕೋಟೆಯಲ್ಲೂ ಸುಟ್ಟುಕೊಳ್ಳುವ ಮುನ್ನ ನಲ್ಲಿಯ ಸರದಿ ಯಾವಾಗ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಬೇಸಿಗೆಯ ಬೆವರುಸಾಲೆಗೆ ತಣ್ಣೀರ ಸ್ನಾನ, ಸಡಿಲ ಹತ್ತಿ ಬಟ್ಟೆ ಸಾಕು. ನಾವು ಕೇಳುವುದು ‘ತುರಿಕೆಗೆ ಒಂದು ಟ್ಯೂಬ್ ಕೊಡ್ರಿ’ ಎಂದು. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೆರಾಯ್ಡ್ ಇರುತ್ತದೆ; ಹುಳುಕಡ್ಡಿಗೆ ಹಚ್ಚಿದರೆ ಅದು ಹಬ್ಬುತ್ತದೆ. ವೈದ್ಯರ ಚೀಟಿ ಇಲ್ಲದೆ ಇಂಥವನ್ನು ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಚೀಟಿ ಕೇಳಿದ ಅಂಗಡಿಯವನ ಮೇಲೆ ಸಿಟ್ಟಾಗುವವರು ನಾವೇ.

ಇನ್ನು ಬಾದಾಮಿ. ಗುಹೆಯ ಮೆಟ್ಟಿಲ ಮೇಲೆ ಮಂಗ ಬಾಳೆಹಣ್ಣಿನ ಜತೆ ಕೈಯನ್ನೂ ಪರಚಿತು ಎನ್ನಿ. ಸುತ್ತಲಿದ್ದವರು ಅರಿಶಿನ ಹಾಕಿರಿ, ಖಾರದಪುಡಿ ಹಾಕಿರಿ ಎನ್ನುತ್ತಾರೆ. ಎರಡೂ ಬೇಡ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಬಿಗಿಯಾಗಿ ಪಟ್ಟಿ ಕಟ್ಟಬಾರದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಬೇಕು. ಕೆಳಗೆ ಅಗಸ್ತ್ಯತೀರ್ಥದ ತುಂಬ ನೀರಿದೆ, ಅದರಲ್ಲಿ ಗಾಯ ತೊಳೆಯುವ ಧೈರ್ಯ ಯಾರಿಗಿದೆ?

ಹೇಳಿದ್ದರಲ್ಲಿ ಬಹುಪಾಲು ನೀರೇ ಆಯಿತು. ಅದಕ್ಕೆ ಟೆಂಡರ್ ಬೇಡ, ಉದ್ಘಾಟನೆಯೂ ಬೇಡ. ಮುಂದಿನ ಸಲ ಪುರಸಭೆ ಸದಸ್ಯರು ಮನೆ ಬಾಗಿಲಿಗೆ ಬಂದಾಗ, ಜನ ಸೇರುವ ಕಡೆಯಲ್ಲೆಲ್ಲ ನೀರು ಬರುವ ಒಂದು ನಲ್ಲಿ, ಪಕ್ಕದಲ್ಲಿ ಒಂದು ಸೋಪು ಕೇಳಿರಿ.