ಗಪ್ಪಿ ಮರಿ ಎಣಿಸುವ ಮೊದಲು ಗಿರಾಕಿ ಎಣಿಸಿ

ಹೋದ ತಿಂಗಳು ಪಕ್ಕದೂರಿನ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣ, ಹಿತ್ತಿಲಲ್ಲಿ ಬಣ್ಣದ ಮೀನು ಸಾಕೋಣ ಅಂತಿದೀನಿ. ಹತ್ತು ಸಿಮೆಂಟ್ ತೊಟ್ಟಿ ಕಟ್ಟಿಸ್ಬೇಕು. ಅಮ್ಮನ ಸಂಘದಲ್ಲಿ ಸಾಲ ಕೇಳಿದೀವಿ" ಅಂದ. ಯೂಟ್ಯೂಬ್‌ನಲ್ಲಿ ವಿಡಿಯೋ ನೋಡಿದ್ದನಂತೆ. ನಾಲ್ಕು ಜೊತೆ ಗಪ್ಪಿ ಬಿಟ್ಟರೆ ವರ್ಷದೊಳಗೆ ಸಾವಿರಾರು ಮರಿ, ಒಂದೊಂದಕ್ಕೆ 20 ರೂಪಾಯಿ ಎಂದು ಅದರಲ್ಲಿ ಲೆಕ್ಕ ತೋರಿಸಿದ್ದಾರೆ.

"ಯಾರಿಗೆ ಮಾರ್ತೀಯ?" ಎಂದು ಕೇಳಿದೆ. "ಅಂಗಡಿಯವ್ರು ತಗೋತಾರಲ್ಲ ಅಣ್ಣ" ಅಂದ. ಯಾವ ಅಂಗಡಿ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮನೆಯಲ್ಲಿ ಬಣ್ಣದ ಮೀನು ಮರಿ ಮಾಡಿಸುವುದು ಒಳ್ಳೆಯ ಉಪಕಸುಬು. ಆದರೆ ಮರಿ ಹುಟ್ಟಿಸುವುದು ಅದರಲ್ಲಿ ಅತಿ ಸುಲಭದ ಭಾಗ. ಹುಟ್ಟಿದ ಮರಿಗೆ ಜಾಗ ಹುಡುಕುವುದೇ ಕಷ್ಟ. ಜಾಗ ಸಿಗದ ಮೀನು ಕೊನೆಗೆ ಊರ ಕೆರೆ ಸೇರುತ್ತದೆ. ಅಲ್ಲಿಗೆ ಒಬ್ಬರ ನಷ್ಟ ಊರಿನ ನಷ್ಟವಾಗುತ್ತದೆ.

ವಿಡಿಯೋದವರು ಮರಿ ವಿಷಯದಲ್ಲಿ ಸುಳ್ಳು ಹೇಳಿಲ್ಲ. ಗಪ್ಪಿ, ಮಾಲಿ, ಪ್ಲಾಟಿ, ಸ್ವಾರ್ಡ್‌ಟೇಲ್ ಇವೆಲ್ಲ ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತವೆ. ಗಪ್ಪಿ ಸುಮಾರು ನಾಲ್ಕು ವಾರಕ್ಕೊಮ್ಮೆ 20ರಿಂದ 50 ಮರಿ ಹಾಕುತ್ತದೆ. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕಲು ತಯಾರು. ಇನ್ನೊಂದು ವಿಷಯವಿದೆ. ಒಮ್ಮೆ ಗಂಡಿನ ಜೊತೆ ಕೂಡಿದ ಹೆಣ್ಣು ಗಪ್ಪಿ, ಆಮೇಲೆ ಗಂಡಿಲ್ಲದಿದ್ದರೂ ಕೆಲವು ತಿಂಗಳು ಮರಿ ಹಾಕುತ್ತಲೇ ಇರುತ್ತದೆ. ಅಂದರೆ ನೀವು ಸಾಕು ಎಂದರೂ ತೊಟ್ಟಿ ಸಾಕು ಅನ್ನುವುದಿಲ್ಲ.

ಇದು ನನಗೆ ಗೊತ್ತಾಗಿದ್ದು ಕೈ ಸುಟ್ಟುಕೊಂಡ ಮೇಲೆ. ಕಾಲೇಜು ಮುಗಿಸಿ ಊರಿಗೆ ಬಂದ ವರ್ಷ ಮೂರು ತೊಟ್ಟಿಯಲ್ಲಿ ಗಪ್ಪಿ ಬಿಟ್ಟಿದ್ದೆ. ಪಟ್ಟಣದ ಅಂಗಡಿಯವರು ಮೊದಲ ಸಲ 60 ಮೀನು ತೆಗೆದುಕೊಂಡರು, ಒಂದಕ್ಕೆ 6 ರೂಪಾಯಿ. ಎರಡನೇ ಸಲ ಹೋದಾಗ "ಇನ್ನೂ ಹೋದ್ಸಲದ್ದೇ ಇದೆ" ಅಂದರು. ಮೂರನೇ ಸಲ ಬಕೆಟ್ ಕಡೆ ನೋಡಲೇ ಇಲ್ಲ. ಅಷ್ಟರಲ್ಲಿ ಬೇರೆ ಬೇರೆ ಬಣ್ಣದವು ಒಟ್ಟಿಗೇ ಬೆಳೆದು, ಹೊಸ ಮರಿಗಳ ಬಣ್ಣ ಕೆಟ್ಟಿತ್ತು. ಅಂಥ ಮೀನನ್ನು ಯಾವ ಅಂಗಡಿಯವರೂ ಕೇಳುವುದಿಲ್ಲ.

"ಏನೋ ಇದು, ಎಮ್ಮೆಗೆ ನೀರು ಹಿಡಿಯೋಕೂ ಒಂದು ತೊಟ್ಟಿ ಬಿಟ್ಟಿಲ್ವಲ್ಲೋ" ಎಂದು ಅವ್ವ ಬೈದಳು. ಒಂದು ಸಂಜೆ ಎರಡು ಬಕೆಟ್ ಮೀನು ಹೊತ್ತುಕೊಂಡು ಹೋಗಿ ಊರ ಕಟ್ಟೆಗೆ ಬಿಟ್ಟು ಬಂದೆ. ಪುಣ್ಯದ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಈಗ ಆ ಕಟ್ಟೆಯಲ್ಲಿ ಹುಡುಗರು ಬುಟ್ಟಿ ಹಾಕಿದರೆ ಮೊದಲು ಬರುವುದು ಗಪ್ಪಿ.

"ಆರೋಗ್ಯ ಇಲಾಖೆಯವರೇ ಸೊಳ್ಳೆ ಮರಿ ತಿನ್ನಲಿ ಅಂತ ಗಪ್ಪಿ ಬಿಡ್ತಾರಲ್ಲ" ಎಂದು ನೀವು ಕೇಳಬಹುದು. ನಿಜ. ಕೋಲಾರದ ಕಡೆ ಹಳ್ಳಿಗಳ ಬಾವಿಗಳಿಗೆ ಹೀಗೆ ಮೀನು ಬಿಟ್ಟು ಮಲೇರಿಯಾ ತಡೆಯುವ ಕೆಲಸ ನಡೆದಿದೆ. ಆದರೆ ಬಾವಿ ಬೇರೆ, ಕೆರೆ ಬೇರೆ. ಬಾವಿಯ ಮೀನು ಬಾವಿಯಲ್ಲೇ ಇರುತ್ತದೆ. ನಮ್ಮ ಕೆರೆಗಳು ಒಂದಕ್ಕೊಂದು ಕೂಡಿಕೊಂಡಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಗಪ್ಪಿ ದಕ್ಷಿಣ ಅಮೆರಿಕದ ಕಡೆಯ ಮೀನು. ನಮ್ಮ ಸಣ್ಣ ಮೀನುಗಳು ತಿನ್ನುವುದನ್ನೇ ತಿನ್ನುತ್ತದೆ, ಅವುಗಳ ಮೊಟ್ಟೆ, ಮರಿಗಳನ್ನೂ ಬಿಡುವುದಿಲ್ಲ.

ಕೇರಳದಲ್ಲಿ 2018ರ ಪ್ರವಾಹದ ನಂತರ ಅಲ್ಲಿನ ನದಿಗಳಲ್ಲಿ ಅರಪೈಮಾ, ಅಲಿಗೇಟರ್ ಗಾರ್ ಎಂಬ ಅಮೆರಿಕದ ದೊಡ್ಡ ಮೀನುಗಳು ಬಲೆಗೆ ಬಿದ್ದವು. ಅವೂ ಯಾರೋ ಸಾಕಿದ ಮೀನುಗಳೇ. ನೀರಿಗೆ ಬಿಟ್ಟ ಮೀನನ್ನು ಮತ್ತೆ ವಾಪಸ್ ಕರೆಯಲು ಆಗುವುದಿಲ್ಲ.

ಹಾಗಾದರೆ ಸಾಕಲೇಬಾರದೇ? ಸಾಕಿ. ಆದರೆ ತೊಟ್ಟಿಯಿಂದ ಶುರು ಮಾಡಬೇಡಿ, ಅಂಗಡಿಯಿಂದ ಶುರು ಮಾಡಿ. ನಿಮ್ಮ ತಾಲ್ಲೂಕು, ಪಕ್ಕದ ತಾಲ್ಲೂಕಿನ ಮೀನಿನ ಅಂಗಡಿಗಳಿಗೆ ಬರಿಗೈಯಲ್ಲಿ ಒಮ್ಮೆ ಹೋಗಿ ಬನ್ನಿ. ಯಾವ ಮೀನು ಹೆಚ್ಚು ಹೋಗುತ್ತದೆ, ವಾರಕ್ಕೆ ಎಷ್ಟು, ಯಾವ ಸೈಜು, ಈಗ ಎಲ್ಲಿಂದ ತರಿಸುತ್ತಾರೆ ಎಂದು ಕೇಳಿ. ಚೆನ್ನೈನ ಕೊಳತ್ತೂರಿನಂಥ ದೊಡ್ಡ ಮಾರುಕಟ್ಟೆಯ ದರದ ಜೊತೆ ನಾವು ಜಗ್ಗಾಡಲು ಆಗದು. ಆದರೆ ದೂರದಿಂದ ಪ್ಯಾಕೆಟ್‌ನಲ್ಲಿ ಬರುವ ಮೀನು ದಾರಿಯಲ್ಲಿ ಸುಸ್ತಾಗುತ್ತದೆ, ಸಾಯುತ್ತದೆ. ಹತ್ತಿರದಿಂದ ಬರುವ ಗಟ್ಟಿ ಮೀನೇ ನಮ್ಮ ಬಲ.

ಒಂದೇ ಜಾತಿ, ಒಂದೇ ಬಣ್ಣ, ಎರಡು ತೊಟ್ಟಿ. ಆರು ತಿಂಗಳು ಅಷ್ಟೇ ಸಾಕು. ತಿಂಗಳು ತುಂಬುವ ಹೊತ್ತಿಗೆ ಗಂಡು ಮರಿಗಳ ಗುರುತು ಹತ್ತುತ್ತದೆ, ಹೊಟ್ಟೆಯ ಕೆಳಗಿನ ರೆಕ್ಕೆ ಕಡ್ಡಿಯಂತೆ ಚೂಪಾಗುತ್ತದೆ. ಆಗಲೇ ಗಂಡು ಹೆಣ್ಣು ಬೇರೆ ಮಾಡಿ. ಬಣ್ಣ ಇರುವುದೂ ಗಂಡಿಗೇ, ಗಿರಾಕಿ ಕೇಳುವುದೂ ಹೆಚ್ಚಾಗಿ ಅದನ್ನೇ. ಬೇಡದ ಮರಿ ತಡೆಯಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಮಾರಾಟ ನಿಂತರೆ ತೊಟ್ಟಿಯಲ್ಲಿರುವ ಪಾಚಿ, ಗಿಡ ತೆಗೆದುಬಿಡಿ. ಅಡಗಲು ಜಾಗವಿಲ್ಲದ ಮರಿಗಳನ್ನು ದೊಡ್ಡ ಮೀನುಗಳೇ ತಿಂದು ಮುಗಿಸುತ್ತವೆ. ಕೇಳಲು ಕಷ್ಟವೆನಿಸಿದರೂ ಕೆರೆಗೆ ಬಿಡುವುದಕ್ಕಿಂತ ಇದು ವಾಸಿ.

ಸಾಲದ ಮಾತು. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಿಲ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ಎಂದು ಲೆಕ್ಕ ಹಾಕಿದ್ದಾರೆ. ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60. ಈ ವರ್ಷ ಅನುದಾನ ಇದೆಯೇ ಎಂದು ತಾಲ್ಲೂಕು ಮೀನುಗಾರಿಕೆ ಕಚೇರಿಯಲ್ಲಿ ಕೇಳಿ. ಆದರೆ ಶೇ. 60 ಸಿಕ್ಕರೂ ಉಳಿದ 1 ಲಕ್ಷ 20 ಸಾವಿರ ನಮ್ಮದೇ ಹೊಣೆ. 6 ರೂಪಾಯಿಯ ಮೀನಿನಲ್ಲಿ ಅದು ವಾಪಸ್ ಬರಬೇಕೆಂದರೆ 20 ಸಾವಿರ ಮೀನು ಮಾರಬೇಕು. ಅದರಲ್ಲಿ ಆಹಾರ, ಕರೆಂಟು, ಓಡಾಟದ ಖರ್ಚು ಸೇರಿಲ್ಲ. ಇನ್ನು "ಮರಿ ನಾವೇ ವಾಪಸ್ ಕೊಳ್ಳುತ್ತೇವೆ, ಮೊದಲು ದುಡ್ಡು ಕಟ್ಟಿ" ಎನ್ನುವವರು ಬಂದರೆ ಎಮು ಹಕ್ಕಿ ಸಾಕಿದವರನ್ನು ಒಂದು ಮಾತು ಕೇಳಿ ನೋಡಿ.

ಮೊನ್ನೆ ಆ ಹುಡುಗ ಮತ್ತೆ ಫೋನ್ ಮಾಡಿದ್ದ. ಐದು ಅಂಗಡಿ ಸುತ್ತಿ ಬಂದನಂತೆ. ಮೂರು ಕಡೆ ಗಪ್ಪಿ ಬೇಡ ಅಂದರಂತೆ, ಇಬ್ಬರು ಕಪ್ಪು ಮಾಲಿ ಇದ್ದರೆ ತಾ ಅಂದರಂತೆ. ಹಳೆಯ ಸಿಮೆಂಟ್ ರಿಂಗ್ ಎರಡು ತೊಳೆದು ನೀರು ತುಂಬಿಸಿದ್ದಾನೆ. ಸಂಘದ ಸಾಲದ ಅರ್ಜಿಯನ್ನು ಅವರಮ್ಮ ಸದ್ಯಕ್ಕೆ ವಾಪಸ್ ತೆಗೆದುಕೊಂಡಿದ್ದಾರೆ.